ಎರಡು ಗುಂಟಿ

ನನ್ನ ಹೆಸರಿಗೆ ಹೊಲ ಇಲ್ರಿ.
ಕಾರಟಗಿ ಸುತ್ತ ಯಾರ ಗದ್ದಿ ಕೇಳ್ರಿ, ಹೇಳ್ತೀನಿ,
ಎಲ್ಲಿ ಕೆಸರು ಮೊಣಕಾಲಮಟ, ಎಲ್ಲಿ ಗಾಜಿನ ಚೂರು,
ಯಾವ ಮಡಿಗೆ ಕಾಲುವಿ ನೀರು ತಡಾಗಿ ಬರ್ತೈತಿ.
ಮುಂಜಾನೆ ಟಂಟಂದಾಗ ಹನ್ನೆರಡು ಮಂದಿ,
ಎಕರೆ ಲೆಕ್ಕದ ಗುತ್ತಿಗಿ.
ಮೂರು ಮೂರು ಸಸಿ ಊರೋದು, ಹಿಂದಕ್ಕ ಸರಿಯೋದು.
ಇಪ್ಪತ್ತಾರು ವರ್ಷ
ಹಿಂದಕ್ಕ ಹಿಂದಕ್ಕ ನಡದೀನಿ.

ನಾಟಿ ಗದ್ದ್ಯಾಗ ಎರಡು ಸೂರ್ಯ ಇರ್ತಾವ.
ಮ್ಯಾಲಿಂದಕ್ಕ ಸೆರಗು ಐತಿ, ಟವಲ್ ಐತಿ.
ಕೆಳಗಿಂದು ನೀರಾಗ ಕುಂತು
ಬಗ್ಗಿದ ಮುಖಾನ ಕಾಯ್ತಿರ್ತೈತಿ.

ಮೊದಲು ಮರಳು ಬಿದ್ದಂಗ ಆತು.
ಸಂಜಿಗೆ ಕೆಂಪು. ಕನ್ನಡ್ಯಾಗ ನೋಡಿದ್ರ
ಮೂಗಿನ ಕಡಿ ಮೂಲ್ಯಾಗ
ನೊಣದ ರೆಕ್ಕಿಯಂಥ ತೆಳು ಪೊರಿ.
ಹರಳೆಣ್ಣಿ ಬಿಡು ಅಂದ್ಳು ನಿಂಗಜ್ಜಿ.
ಬಾಣಂತಿ ಹಾಲು ಅಂದ್ಳು ಯಾರೋ.
ಉಪ್ಪು ಮೆಣಸಿನಕಾಯಿ ಇಳಿಸಿ ಒಲಿಗೆ ಹಾಕಿದ್ಳು ಅತ್ತಿ,
ಒಲಿ ಹೊಗಿ ಮತ್ತ ಕಣ್ಣಿಗೇ ಬಂತು.

ಗಂಗಾವತಿ ಸರಕಾರಿ ದವಾಖಾನಿ.
ಕಣ್ಣು ನೋಡೋ ಹುಡುಗಿ, ಫರೀದಾ ಅಂತ,
ಗ್ವಾಡಿ ಮ್ಯಾಲಿನ ಹಾಳಿ ತೋರ್ಸಿದ್ಳು.
ಓದಾಕ ಬರಂಗಿಲ್ಲವ್ವಾ, ಅಂದೆ.
'ಓದೋದು ಬ್ಯಾಡಕ್ಕಾ. ಹಲ್ಲು ಯಾವ ಕಡಿ ಅದಾವ, ಕೈಲೆ ತೋರ್ಸು.'
ಒಂದು ಕಣ್ಣು ಮುಚ್ಚಿ ನೋಡಿದೆ.
ಮೂರು ಸಸಿ!
ನೆಟ್ಟಗ ನಿಂತ ಮೂರು, ಗಾಳಿಗೆ ಎಡಕ್ಕ ಬಿದ್ದ ಮೂರು,
ಬಲಕ್ಕ ಮೂರು, ತಲಿಕೆಳಗ ಮೂರು.
ಬೆರಳು ತಾವ ತಿರುಗಿದ್ವು.
ಹೆಬ್ಬೆಟ್ಟಿನಾಕಿ ನಾನು, ಆರು ಸಾಲು ಓದಿದೆ.
ಏಳನೇದರಾಗ ಸಸಿ ಕಾಣ್ಲಿಲ್ಲ, ಬರೇ ಕೆಸರು.

ಆಮ್ಯಾಲ ಕಟ್ಟಿಮ್ಯಾಲ ಗದ್ದ ಇಡಿಸಿ
ದೀಪದ ಗೀಟು ಬಿಟ್ಟು ಡಾಕ್ಟರಮ್ಮ ಅಳದ್ಳು.
'ಎರಡು ಮಿಲಿಮೀಟರ್ ಒಳಗ ಬಂದೈತಿ.
ಬಿಸಲು, ದೂಳು, ನೀರಿನ ಝಳಕ್ಕ ಬೆಳೀತೈತಿ ಇದು.
ನಡುಗುಡ್ಡಿ ಮುಟ್ಟಿಲ್ಲ. ಮುಟ್ಟಿದ್ರ ಕೊಯ್ಯಬೇಕಾಕ್ಕೈತಿ.
ವರ್ಷಾ ಬಾ, ಅಳೀತೀವಿ.'

ಇದು ತಿಳೀತು ನನಗ.
ಬಾಜೂ ಹೊಲದಾಂವ ವರ್ಷಕ್ಕ ಒಂದು ಬೆರಳು ಬದು ಸರಸ್ತಾನ.
ಜಗಳಿಲ್ಲ, ಸಪ್ಪಳಿಲ್ಲ.
ಸರ್ವೇದವರು ಬಂದು ಸರಪಳಿ ಎಳದಾಗ್ಲೇ ಗೊತ್ತಾಗೋದು
ಎಷ್ಟು ಹೋತು ಅಂತ.
ಹೊಲ ಇಲ್ಲ ಅಂದಿದ್ನಲ್ಲ, ಸುಳ್ಳು.
ಎರಡು ಗುಂಟಿ ಐತಿ,
ಮೂಗಿನ ಬದುವಿಗೆ ಆಚಿಗೊಂದು, ಈಚಿಗೊಂದು.
ದವಾಖಾನಿ ಚೀಟೀನ ಪಹಣಿ:
ಹುಲಿಗೆಮ್ಮ ಗಂಡ ಯಂಕೋಬ,
ಬಲಗಣ್ಣು, ಎಡಗಣ್ಣು.

'ಬರೇ ಕರ್ರಗಿದ್ರ ಸಾಲಂಗಿಲ್ಲ,' ಫರೀದಾ ಅಂದಿದ್ಳು,
'ಸುಡೋ ಕಿರಣ ತಡಿಯೋ ಗಾಜು ಬೇಕು, ಬಾಜೂನೂ ಮುಚ್ಚಬೇಕು.'
ಎರಡು ದಿನದ ಕೂಲಿ ಹೋತು.
ಹಾಕ್ಕೊಂಡು ಗದ್ದಿಗಿಳದ್ರ
ಹನ್ನೊಂದು ಮಂದಿ ನಕ್ಕ ನಗಿಗೆ ಕೊಕ್ಕರಿ ಎದ್ದು ಹಾರಿದ್ವು.
'ಏ, ಪಿಚ್ಚರಿನಾಕಿ ಬಂದ್ಳು ನೋಡ್ರೇ!'
ಬೇವಿನ ನೆಳ್ಳಾಗ ನಿಂತ ಗದ್ದಿ ಸಾವ್ಕಾರ
ತನ್ನ ಕರೇ ಕನ್ನಡಕ ತಗದು
ನನ್ನ ನೋಡಿದ.

ಬಗ್ಗಿದೆ.
ನೀರಾಗಿನ ಸೂರ್ಯ
ಹಳೇ ತಾಮ್ರದ ದುಡ್ಡಿನಂಗ ತಣ್ಣಗ ಬಿದ್ದಿತ್ತು.
ಅದರ ಮ್ಯಾಲೇ ಮೂರು ಸಸಿ ಊರಿದೆ.

ಹೊತ್ತೇರಿದ ಮ್ಯಾಲ ಬಾಜೂ ಸಾಲಿನ ಸಣ್ಣ ತಾಯಮ್ಮ
'ಒಂದು ಸಾಲು ನನಗ ಕೊಡ ಯಕ್ಕಾ' ಅಂದ್ಳು.
ಕೊಟ್ಟೆ. ಸಂಜಿಗೆ ತಿರುಗಿ ಕೈಗೆ ಬಂದಾಗ
ಗಾಜಿನ ತುಂಬ ನಾಕೈದು ಮಂದಿ ಕೆಸರು ಬೆರಳು.

ಈ ಕೊಯ್ಲು ಮುಗದ್ರ ಮತ್ತ ಸರ್ವೆ.
ಟಂಟಂ ಮೌಲಾಗ ಹೇಳೀನಿ,
ಆ ದಿನ ಗದ್ದಿಗೆ ಬ್ಯಾಡ, ಗಂಗಾವತಿಗೆ ಹೊಡಿ, ಎಲ್ಲಾರ್ನೂ.
ನಿಂಗಜ್ಜಿ ಮಾತ್ರ ಒಲ್ಲೆ ಅಂತಾಳ.
'ನನಗೇನು ನೋವೈತೇನು? ನೋವಿಲ್ದ ಯಾಕ ತೋರಸ್ಲಿ?'
ಮೊನ್ನೆ ಪಗಾರದ ದಿನ
ನೂರರ ನೋಟು ಮೂಗಿಗೆ ತಾಗಿಸಿ ಹಿಡಕೊಂಡಿದ್ಳು.
ವಾಸನಿ ನೋಡಾಕತ್ತೀಯೇನು ಅಜ್ಜಿ, ಅಂದೆ.
ನಗಲಿಲ್ಲ.